ಸೊಪ್ಪು ತಿನ್ನೋರಿಗೆ ಜಾಗ

ಯುಗಾದಿಯ ಮಾರನೆಯ ದಿನ, ಅತ್ತೆಮನೆಯ ಹೊಸತೊಡಕಿನ ಬಾಡೂಟದಲ್ಲಿ ಕೆಂಪರಾಜು ಎಲೆಗೆ ಕೈ ಅಡ್ಡ ಹಿಡಿದ.

"ಬಾಡು ಕಮ್ಮಿ ಮಾಡಿದೀನಿ ಅತ್ತೆ. ಮುದ್ದೆ, ಸೊಪ್ಪಿನ ಸಾರು ಸಾಕು."

ಅತ್ತೆಯ ಸೌಟು ಗಾಳಿಯಲ್ಲೇ ನಿಂತಿತು. "ಅಯ್ಯೋ, ನಮ್ಮಳಿಯಂದ್ರಿಗೆ ಯಾರೋ ಮಾಟ ಮಾಡ್ಸವ್ರೆ!"

ಭಾವಮೈದಂದಿರು ನಕ್ಕು ನಕ್ಕು ಕೆಮ್ಮಿದರು. ಬಾಡೂಟಕ್ಕೆ ಸುತ್ತ ಹತ್ತೂರಲ್ಲಿ ಹೆಸರಾಗಿದ್ದ ಮಾವ ಮಾತ್ರ ದಡಕ್ಕನೆ ಎದ್ದರು.

"ಸೊಪ್ಪು ತಿನ್ನೋರಿಗೆ ಈ ಪಂಕ್ತೀಲಿ ಜಾಗ ಇಲ್ಲ! ನಡೀರಿ ಹಿತ್ಲಿಗೆ!"

ಕೆಂಪರಾಜುವಿನ ರಟ್ಟೆ ಹಿಡಿದು ಎಳೆದೊಯ್ದರು. ಹುಲ್ಲಿನ ಮೆದೆಯ ಹಿಂದೆ ಮಾವ ಸುತ್ತ ಕಣ್ಣಾಡಿಸಿ, ಹುಲ್ಲೊಳಗೆ ಕೈಹಾಕಿ ಟಿಫಿನ್ ಕ್ಯಾರಿಯರ್ ಹೊರಗೆಳೆದರು.

"ಸೊಪ್ಪಿನ ಬಸ್ಸಾರು ಐತೆ, ಕೂತ್ಕೊಳ್ಳಿ," ಎಂದರು ಪಿಸುದನಿಯಲ್ಲಿ. "ಮೂರು ವರ್ಷದಿಂದ ಒಬ್ಬನೇ ಕದ್ದು ತಿಂದು ಸಾಕಾಗಿತ್ತು ಅಳಿಯಂದ್ರೇ!"