ಬಾಗಿಲಿಗೆ ಅಂಟಿಸಿದ ಆಕ್ಟೋಪಸ್

ಕೆಂಪು ಶಾಯಿಯ ವಾಸನೆ ಬಂದರೆ ನನಗೆ ಇಂದಿಗೂ ಸಿಟ್ಟೇರುತ್ತದೆ.

1980, ಶುಕ್ರವಾರ, ಮಧ್ಯಾಹ್ನ ಎರಡು ಗಂಟೆ. ಗಲ್ಫ್‌ನ ಮಂಗಫ್‌ನಲ್ಲಿದ್ದ ನಮ್ಮ ಮನೆಯಲ್ಲಿ ಅಪ್ಪ, ಒಂಬತ್ತು ವರ್ಷದ ನಾನು, ಎದುರುಮನೆಯ ಮೊಯ್ದು ಕಾಕ ಇದ್ದೆವು. ಪತ್ರಿಕೆಯ ವ್ಯಂಗ್ಯಚಿತ್ರದಲ್ಲಿ ಕಮ್ಯುನಿಸಮ್ಮನ್ನು ಭೂಮಿ ನುಂಗುವ ಆಕ್ಟೋಪಸ್ ಮಾಡಿದ್ದರು. ಚೆಂದದ ಪ್ರಾಣಿಯೆಂದು ಅದನ್ನು ನಕಲು ಮಾಡಿ, ಕಾಕ ಕೊಟ್ಟ ಕೆಂಪು ಶಾಯಿ ಬಳಿದು, ಬಾಗಿಲಿಗೆ ಅಂಟಿಸಿದ್ದೆ.

ಅಪ್ಪ ಅದನ್ನು ಕಿತ್ತು ಹರಿದರು. “ಇವರು ಕಮ್ಯುನಿಸ್ಟರು ಅಂತ ಯಾರಾದ್ರೂ ಕೆಲಸ ಕೊಟ್ಟ ಕಫೀಲ್ ಕಿವಿಗೆ ಹಾಕಿದ್ರೆ ಇಕಾಮಾ ಖಲಾಸ್, ಇಲ್ಲಿರೋ ಪರವಾನಗಿಯೇ ಹೋಯ್ತು! ನಾಡಿದ್ದೇ ಊರಿಗೆ ಹೊರಡಬೇಕು.”

“ಅದು ಕಮ್ಯುನಿಸ್ಟರನ್ನೇ ಬೈಯುವ ಚಿತ್ರ ಮಾರಾಯ್ರೇ!” ಕಾಕ ನಕ್ಕರು.

“ನೋಡೋರಿಗೆ ಕೆಂಪು ಸಾಕು. ಬಣ್ಣ ಕೊಟ್ಟೋರು ನೀವು. ಇನ್ನು ಈ ಮನೆಗೆ ಬರಬೇಡಿ.”

ಕಾಕ ಚಪ್ಪಲಿ ಮೆಟ್ಟಿ ಹೋದರು. ಬಾಗಿಲಿನ ಗೋಂದು ಒರೆಸುವಂತೆ ಅಪ್ಪ ನನಗೆ ಹೇಳಿದರು. ಗೋಂದು ಹೋದ ಮೇಲೂ, ಬಾಗಿಲಿನ ಬಣ್ಣವೇ ಏಳುವವರೆಗೆ ಉಜ್ಜಿದೆ.