ಮುಂದೆ ಸರಿದ ಸೀಟು

ಶೈಲಾ ಸೀಟಿನ ತುದಿಗೆ ಜಾರಿ ಎಡಗಾಲು ಚಾಚಿದಳು. ಆದರೂ ಅವಳ ಗಿಡ್ಡ ಕಾಲಿಗೆ ಕ್ಲಚ್ಚು ಅರ್ಧಕ್ಕಿಂತ ಕೆಳಗೆ ಇಳಿಯಲಿಲ್ಲ. ಯಳವತ್ತಿಯ ಉಳವಪ್ಪನ ಅಂಗಳದಲ್ಲಿ ಮಾರಾಟಕ್ಕಿದ್ದ ಆ ಹಳೆಯ ಸಣ್ಣ ಟ್ರ್ಯಾಕ್ಟರು ನೋಡಲು ಚೆಂದವಿತ್ತು: ಹೊಸ ಬಣ್ಣ, ಸವೆಯದ ಟೈರು, ಒಂದೇ ಸಲಕ್ಕೆ ಚಾಲೂ ಆಗುವ ಎಂಜಿನ್ನು. ಉಳವಪ್ಪ ಅವಳ ಕಡೆ ನೋಡದೆ ಅವಳ ಮಾವ ಮುದಕಪ್ಪನಿಗೆ ಹೇಳಿದ:

"ಒಬ್ಬ ಡ್ರೈವರನ್ನ ಇಟಗೋರಿ. ಇದು ಹೆಣ್ಮಕ್ಕಳ ಕೆಲಸ ಅಲ್ಲ."

ಮುದಕಪ್ಪನಿಗೆ ಕಣ್ಣು ಮಂಜು. ಮಗ ಬಸ್ ಕಂಡಕ್ಟರು, ಮನೆಗೆ ಬರುವುದೇ ಅಪರೂಪ. ಹೊಲ ಪೂರ್ತಿ ಸೊಸೆಯ ಮೇಲೆ. ಹಿಂದಿನ ಮುಂಗಾರಿನಲ್ಲಿ ಬಾಡಿಗೆ ಟ್ರ್ಯಾಕ್ಟರು ಬರುವಷ್ಟರಲ್ಲಿ ನೆಲದ ಹಸಿ ಆರಿ, ಬಿತ್ತಿದ ಹೆಸರುಕಾಳು ಮೇಲೇಳಲೇ ಇಲ್ಲ. ತವರಿನಲ್ಲಿ ಅಣ್ಣನ ಟ್ರ್ಯಾಕ್ಟರನ್ನು ನಿಂತುಕೊಂಡೇ ಹೊಡೆಯಲು ಕಲಿತಿದ್ದ ಶೈಲಾ, ಹಳೆಯದೊಂದು ತಂದರೆ ತಾನೇ ಬಿತ್ತುತ್ತೇನೆ ಅಂದಿದ್ದಳು. ಆದರೆ ದಿನವಿಡೀ ನಿಂತು ಬಿತ್ತಲು ಆಗುತ್ತದೆಯೇ?

ಅಲ್ಲಿಂದ ಇಬ್ಬರೂ ಅಡರಕಟ್ಟಿಗೆ ಹೋದರು. ಇಲಿಯಾಸನ ಟ್ರ್ಯಾಕ್ಟರಿಗೆ ಬಣ್ಣವೇ ಉಳಿದಿರಲಿಲ್ಲ. ನಂಬರು ಪ್ಲೇಟು ಈ ಊರು ಇನ್ನೂ ಧಾರವಾಡ ಜಿಲ್ಲೆಯಲ್ಲಿದ್ದ ಕಾಲದ್ದು. ಎರಡು ಸಲ ಕೆಮ್ಮಿ, ಕರಿ ಹೊಗೆ ಬಿಟ್ಟು ಚಾಲೂ ಆಯಿತು. ಹಿಂದೆ ಕಟ್ಟಿದ್ದ ಹರಗುವ ಕುಂಟೆಯನ್ನೇನೋ ಸಲೀಸಾಗಿ ಎತ್ತಿತು, ಆದರೂ ಯಳವತ್ತಿಯದೇ ಮೇಲು ಎಂದು ಮುದಕಪ್ಪ ಸೊಸೆಯ ಕಿವಿಯಲ್ಲಿ ಹೇಳಿದ. ಸೀಟು ವಿಚಿತ್ರವಾಗಿ ಸ್ಟೇರಿಂಗಿನ ಹತ್ತಿರಕ್ಕೆ ಬಂದಿತ್ತು. ಕ್ಲಚ್ಚು, ಬ್ರೇಕುಗಳ ಮೇಲೆ ಬೋಲ್ಟು ಹಾಕಿ ಕಟ್ಟಿಗೆ ತುಂಡು ಕೂರಿಸಿದ್ದರು. ಇಲಿಯಾಸ ಸಂಕೋಚಪಟ್ಟ. ನೋಡಲು ಬಂದವರೆಲ್ಲ ಮೊಣಕಾಲು ಬಡಿಯುತ್ತದೆ ಎಂದು ಬಿಟ್ಟುಹೋದರಂತೆ. ಬೇಕಾದರೆ ಸೀಟು ಹಿಂದಕ್ಕೆ ಸರಿಸಿ ಕೊಡುತ್ತೇನೆ ಅಂದ.

ಅಷ್ಟರಲ್ಲಿ ಶೈಲಾ ಹತ್ತಿ ಕೂತಿದ್ದಳು. ಕಾಲಿಟ್ಟಳು. ಕ್ಲಚ್ಚು ತಳದವರೆಗೆ ಇಳಿಯಿತು. ಬಿಟ್ಟಳು, ಮತ್ತೆ ಒತ್ತಿದಳು. ಬೆನ್ನು ಸೀಟಿಗೆ ಆನಿಕೊಂಡೇ ಇತ್ತು.

"ಅದು ನಾ ಮಾಡಿಸಿದ್ದು," ಎಂದಿತು ಬಾಗಿಲಿಂದ ಒಂದು ದನಿ. ಇಲಿಯಾಸನ ತಾಯಿ ಅಲ್ಮಾಸಬಿ, ಶೈಲಾಳಷ್ಟೇ ಗಿಡ್ಡ ಮುದುಕಿ, ಹೊಸ್ತಿಲ ಮೇಲೆ ಕೂತಿದ್ದಳು. ಗಂಡ ಹಾಸಿಗೆ ಹಿಡಿದ ಮೇಲೆ ಈ ಗಾಡಿ ಹೊಡೆದೇ ಮನೆ ನಡೆಸಿದವಳು ಅವಳು. ಲಕ್ಷ್ಮೇಶ್ವರದಲ್ಲಿ ವೆಲ್ಡಿಂಗ್ ಮಾಡಿಸಿ ಸೀಟು ಮುಂದೆ ತಂದಿದ್ದಳು. ಈಗ ಅವಳ ಮೊಣಕಾಲುಗಳು ಹಿಡಿದುಕೊಂಡಿದ್ದವು. ಮಗ ದೊಡ್ಡ ಟ್ರ್ಯಾಕ್ಟರು ತಂದಿದ್ದ.

"ಸೀಟು ಸರಿಸ್ತೀನಿ ಅಂತ ಇಂವ ದಿನಾ ಗಂಟಬೀಳತಿದ್ದ. ನಾ ಸರಿಸಗೊಡಲಿಲ್ಲ. ನನ್ನಂತಾಕಿ ಒಬ್ಬಾಕಿ ಬಂದೇ ಬರ್ತಾಳ ಅಂತ ಅನ್ನಿಸ್ತಿತ್ತು."

ಮುದಕಪ್ಪ ಯಳವತ್ತಿಯ ಮಾತು ಮತ್ತೆ ಎತ್ತದೆ, ತಲೆಯ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು ಮುದುಕಿಗೆ ಕೈಮುಗಿದ.

ಆ ವರ್ಷ ಮೊದಲ ಮಳೆಗೇ ಹದ ನೋಡಿ ಶೈಲಾ ಬಿತ್ತಿದಳು. ಹೆಸರು ಚೆನ್ನಾಗಿ ಬಂತು. ರಾಶಿಯಾದ ಮರುದಿನ ಚೀಲದಲ್ಲಿ ಹೊಸ ಹೆಸರು ತುಂಬಿಕೊಂಡು, ಅದೇ ಟ್ರ್ಯಾಕ್ಟರು ಹೊಡೆದುಕೊಂಡು ಅಡರಕಟ್ಟಿಗೆ ಹೋದಳು. ಸಪ್ಪಳ ಕೇಳಿಯೇ ಅಲ್ಮಾಸಬಿ ಬಾಗಿಲಿಗೆ ಬಂದಿದ್ದಳು. ಶೈಲಾ ಚೀಲವನ್ನು ಅವಳ ಮುಂದಿಟ್ಟು ಕಾಲು ಮುಟ್ಟಿದಳು.

"ನಿಮ್ಮ ಪುಣ್ಯಾದಿಂದ ಬೆಳೀ ಬಂತರಿ, ಅಮ್ಮಾ."

ಅಲ್ಮಾಸಬಿ ಒಂದು ಹಿಡಿ ಹೆಸರು ತೆಗೆದು ಮೂಸಿದಳು. ಆಮೇಲೆ ಗೋಡೆ, ಗಾಲಿ ಹಿಡಿದುಕೊಂಡು ಟ್ರ್ಯಾಕ್ಟರಿನ ಸುತ್ತ ನಡೆದಳು. ಮುಂದಿನ ಬಂಪರಿನ ತಗ್ಗಿನಲ್ಲಿ ಅವಳ ಕೈ ನಿಂತಿತು.

"ಎಲ್ಲಿ ಗುದ್ದಿದಿ?"

ಶೈಲಾ ತಲೆ ತಗ್ಗಿಸಿದಳು. "ಬೇವಿನ ಗಿಡಕ್ಕರಿ. ಮಂದಿ ಭಾಳ ನಕ್ಕರು."

"ಗಿಡಕ್ಕ ಹೌದಲ್ಲ? ಚಲೋ ಆತು ಬಿಡು," ಅಂದಳು ಮುದುಕಿ. "ನಾ ಮೊದಲನೇ ವರ್ಷ ಊರ ಚಾವಡಿ ಕಟ್ಟಿಗೇ ಗುದ್ದಿದ್ದೆ. ನಗಾಕಂತ ಕುಂತಿದ್ದ ಗಂಡಸರೆಲ್ಲ ಎದ್ದು ಓಡಿದ್ರು."