ಎಡಗೈಯ ಮೇಲಿನ ಸಾಲು

"ತೋಳು ಸರಿಸು. ಇನ್ನೂ ಮೇಲಕ್ಕೆ," ಎಂದರು ಗೋಮತಿ ಮೇಡಂ.

ವಿನೋದಿನಿ ಚೂಡಿದಾರದ ತೋಳನ್ನು ಮೊಣಕೈವರೆಗೆ ಸರಿಸಿದಳು. ಎಡಗೈಯ ಒಳಭಾಗದಲ್ಲಿ ನೀಲಿ ಶಾಯಿಯಲ್ಲಿ ಒಂದು ಸಾಲು. ತಮಿಳಲ್ಲ, ಇಂಗ್ಲಿಷೂ ಅಲ್ಲ.

ಕೊಯಮತ್ತೂರಿನ ಪೀಳಮೇಡಿನ ಆ ಕಾಲೇಜಿನಲ್ಲಿ ಬಿ.ಎಸ್ಸಿ. ಗಣಿತದ ಕೊನೆಯ ಸೆಮಿಸ್ಟರಿನ ಪರೀಕ್ಷೆ ನಡೆಯುತ್ತಿತ್ತು. ಅಂದು ಬೀಜಗಣಿತ. ವಿಭಾಗದ ಮುಖ್ಯಸ್ಥೆ ಗೋಮತಿ ಅವಳನ್ನು ಅರ್ಧದಲ್ಲೇ ಎಬ್ಬಿಸಿ ತಮ್ಮ ಕೋಣೆಗೆ ಕರೆತಂದಿದ್ದರು. ಮೇಜಿನ ಮೇಲಿದ್ದ ಉತ್ತರಪತ್ರಿಕೆಯಲ್ಲಿ ಪ್ರಮೇಯವೊಂದರ ಸಾಧನೆ, 'ಆದ್ದರಿಂದ' ಎನ್ನಲು ಹಾಕುವ ಮೂರು ಚುಕ್ಕಿಗಳ ಬಳಿ ನಿಂತುಹೋಗಿತ್ತು.

"ಏನಿದು?" ಗೋಮತಿ ತಮಿಳಿನಲ್ಲಿ ಕೇಳಿದರು.

"ಕನ್ನಡ, ಮೇಡಂ. ಬೆಳಿಗ್ಗೆ ನಮ್ಮಜ್ಜಿ ಬರೆದರು."

"ಏನಂತ?"

"ಗೊತ್ತಿಲ್ಲ. ನಮ್ಮದು ಮನೆಯಲ್ಲಿ ಆಡುವ ಮಾತು ಅಷ್ಟೆ. ಓದಲು ಬರುವುದಿಲ್ಲ."

ಕರೆ ಬಂತೆಂದು ಓಡಿಬಂದ ಅಕ್ಷೋಭ್ಯ ಬಾಗಿಲಲ್ಲೇ ನಿಂತ. ಒಳಗೆ ಗೋಮತಿ ನಗುತ್ತಿದ್ದರು. ಮೂಲೆಯಲ್ಲಿದ್ದ ಇಬ್ಬರು ಅಧ್ಯಾಪಕರೂ ನಗುತ್ತಿದ್ದರು.

"ಸ್ವಂತ ಭಾಷೆಯನ್ನು ಓದಲು ಬರದವರೂ ಇರುತ್ತಾರೇನಮ್ಮ? ಸುಳ್ಳು ಹೇಳಿದರೂ ನಂಬುವ ಹಾಗೆ ಹೇಳಬೇಕು. ಬನ್ನಿ ಸಾರ್, ಸರಿಯಾದ ಹೊತ್ತಿಗೆ ಬಂದಿರಿ. ಓದಿ ಹೇಳಿ."

ಅಕ್ಷೋಭ್ಯ ವಿನೋದಿನಿಗೆ ಬೀಜಗಣಿತ ಕಲಿಸಿದವನು. ಮೂರು ತಲೆಮಾರಿನಿಂದ ಕೊಯಮತ್ತೂರಿನಲ್ಲೇ ನೆಲೆಸಿದ ಕನ್ನಡದ ಮನೆ ಅವನದು. ಕಾಲೇಜಿನ ಸಮಾರಂಭಗಳಲ್ಲಿ ದೇವರನಾಮ ಹಾಡುತ್ತಿದ್ದವನು ಅವನೇ. 'ನಿಮ್ಮದು ತೆಲುಗಾ?' ಎಂದು ಯಾರಾದರೂ ಕೇಳಿದರೆ ಮುಖ ಕೆಂಪಗಾಗುತ್ತಿತ್ತು. ಕನ್ನಡದ ಹಿರಿಮೆ ಹೇಳಿ ಮುಗಿಸುವವರೆಗೆ ಎದುರಿನವರಿಗೆ ಬಿಡುಗಡೆ ಇರಲಿಲ್ಲ.

ಅವನನ್ನು ಕಂಡು ವಿನೋದಿನಿಗೆ ಜೀವ ಬಂದಂತಾಯಿತು. "ನೀವೇ ಓದಿ ಸಾರ್," ಎಂದಳು, ಕನ್ನಡದಲ್ಲಿ. "ಎಂತ ಬರೆದಿದೆ ಅಂತ ಇವ್ರಿಗೆ ಹೇಳಿ."

ಅಕ್ಷೋಭ್ಯ ಅವಳ ಕೈ ನೋಡಿದ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಗುಂಡಗಿನ ಅಕ್ಷರಗಳು. ಕೆಲವುಗಳ ಕೆಳಗೆ ಸಣ್ಣ ಗುರುತುಗಳು ನೇತಾಡುತ್ತಿದ್ದವು. ಕಾಪಿ ಹೊಡೆಯುವ ಹುಡುಗಿಯಲ್ಲ ಅವಳು. ಉಪಗುಂಪುಗಳ ಪಾಠದಲ್ಲಿ ಅವಳು ಕೇಳಿದ ಒಂದು ಪ್ರಶ್ನೆಗೆ ಉತ್ತರ ಹೊಳೆಯದೆ, ಮರುದಿನ ಹೇಳುತ್ತೇನೆಂದು ಅವನು ತಪ್ಪಿಸಿಕೊಂಡಿದ್ದ.

"ನಿಮ್ಮ ಪೈಕಿ ಹುಡುಗಿ ಅಂತ ಬಚಾವು ಮಾಡಬೇಡಿ," ಎಂದರು ಗೋಮತಿ.

ಎಲ್ಲರ ಕಣ್ಣೂ ಅವನ ಮೇಲಿದ್ದವು. ಮೂಲೆಯವರ ಮುಖದಲ್ಲಿ ಆಗಿನ ನಗು ಇನ್ನೂ ಉಳಿದಿತ್ತು.

"ಸೂತ್ರದ ಹಾಗಿದೆ," ಎಂದ ಅಕ್ಷೋಭ್ಯ.

"ಹಾಗಿದೆಯೋ, ಹೌದೋ?"

"ಹೌದು."

ವಿನೋದಿನಿ ಅಳಲಿಲ್ಲ. ತನ್ನ ಕೈಯನ್ನೇ ನೋಡಿಕೊಂಡಳು. "ಸೂತ್ರವಾ ಸಾರ್? ನಮ್ಮಜ್ಜಿಗೆ ಸೂತ್ರ ಹೆಂಗೆ ಗೊತ್ತು?"

ಅವನು ಹೊರಬಂದ. ಬೆನ್ನ ಹಿಂದೆ ಗೋಮತಿ ಉತ್ತರಪತ್ರಿಕೆಯ ಮೇಲೆ ಕೆಂಪು ಗೆರೆ ಎಳೆದರು. ಅವಳ ಆ ಸೆಮಿಸ್ಟರಿನ ಪತ್ರಿಕೆಗಳೆಲ್ಲ ರದ್ದು. ಎಂ.ಎಸ್ಸಿ. ಸೇರುವ ಮಾತೂ ಅಲ್ಲಿಗೇ ಮುಗಿಯಿತು.

ಮಧ್ಯಾಹ್ನದೊಳಗೆ ಸುದ್ದಿ ಹಬ್ಬಿತು. ತನ್ನ ಭಾಷೆಯ ಹುಡುಗಿಯನ್ನೂ ಬಿಡಲಿಲ್ಲವಂತೆ, ಮನುಷ್ಯ ಅಂದರೆ ಹೀಗಿರಬೇಕು, ಎಂದರು ಸಹೋದ್ಯೋಗಿಗಳು. ಒಬ್ಬರು ಬಂದು ಕೈ ಕುಲುಕಿದರು. ಆ ಕೈಯನ್ನು ಅಕ್ಷೋಭ್ಯ ನಲ್ಲಿಯ ಕೆಳಗೆ ಬಹಳ ಹೊತ್ತು ತೊಳೆದ. ಮನೆಯಲ್ಲಿ ತಾಯಿ ಸುಂದರಮ್ಮ ಊಟಕ್ಕೆ ಕರೆದರೆ ಹಸಿವಿಲ್ಲವೆಂದ. ಅವರು ಕನ್ನಡದಲ್ಲಿ ಏನೋ ಕೇಳಿದರು. ಇವನು ತಮಿಳಿನಲ್ಲಿ ಉತ್ತರಿಸಿದ.

ಮುಂದಿನ ಸೋಮವಾರ ಸ್ಟಾಫ್ ರೂಮಿನ ಹೊರಗಿನ ಬೆಂಚಿನಲ್ಲಿ ಒಬ್ಬ ಮುದುಕಿ ಕೂತಿದ್ದಳು. ಅವನನ್ನು ಕಂಡು ಎದ್ದು ನಿಂತಳು.

"ಕನ್ನಡದ ವಾತ್ಯಾರು ನೀವೇನಾ ಸಾಮಿ? ನಾನು ಕಣ್ಣಮ್ಮ. ವಿನೋದಿನಿ ಅಜ್ಜಿ. ಕುರಿಚಿಯಿಂದ ಬಂದೆ."

ಅವನು ಕೂರಲು ಹೇಳಿದ. ಅವಳು ಕೂರಲಿಲ್ಲ.

"ನಂದು ಕೊಳ್ಳೇಗಾಲದ ಕಡೆ. ನೇಕಾರರ ಮನೆಗೆ ಅಂತ ಇಲ್ಲಿಗೆ ಕೊಟ್ರು. ನಾಕನೇ ಕ್ಲಾಸು ಓದಿದೋಳು. ಅಕ್ಸರ ಚೆಂದಾಗಿಲ್ಲ, ಒಪ್ಕೊಂತೀನಿ. 'ಚೌಡವ್ವ ತಾಯಿ, ಮಗೀನ ಕೈ ಬಿಡಬ್ಯಾಡ' ಅಂತ ಬರೆದೆ. ನೀವು ಓದಿದ್ರೆ ಲೆಕ್ಕದ ಸೂತ್ರ ಆಗೈತಂತೆ. ಎಲ್ಲಿ ತಪ್ಪು ಬರೆದೆ ಸಾಮಿ?"

ಅಕ್ಷೋಭ್ಯ ಕೈಯಲ್ಲಿದ್ದ ಪುಸ್ತಕವನ್ನು ಬೆಂಚಿನ ಮೇಲಿಟ್ಟ.

"ಬೈಯೋಕೆ ಬರ್ಲಿಲ್ಲ," ಎಂದಳು ಕಣ್ಣಮ್ಮ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ನನ್ನಿಂದ ಅದರ ಓದು ಹೋಯ್ತು. ಮನೇಲಿ ಅದರ ಮುಖ ನೋಡೋಕೆ ಆಯ್ತಿಲ್ಲ. ಓದಿದೋರು ನೀವು. ತಪ್ಪು ಎಲ್ಲಿ ಅಂತ ಹೇಳಿದ್ರೆ, ಅದರ ಕಾಲು ಹಿಡ್ಕೊಂಡು ಕೇಳ್ಕೊಂತೀನಿ."

"ತಪ್ಪು ನಿಮ್ಮದಲ್ಲ ಅಮ್ಮ. ಬನ್ನಿ."

ಅವಳನ್ನು ಕರೆದುಕೊಂಡು ಅವನು ಗೋಮತಿಯವರ ಕೋಣೆಗೆ ನಡೆದ. ಅಜ್ಜಿ ಬರೆದ ಮಾತೇನೆಂಬುದನ್ನು ತಮಿಳಿನಲ್ಲಿ ಹೇಳಿದ. ಪರೀಕ್ಷೆ ರದ್ದು ಮಾಡಿದ್ದನ್ನು ಹಿಂತೆಗೆದುಕೊಳ್ಳಬೇಕು ಎಂದ. ಮೂಲೆಯ ಇಬ್ಬರೂ ತಲೆಯೆತ್ತಿದರು.

ಗೋಮತಿಗೆ ಸಿಟ್ಟು ಬಂತು. "ಈಗ ಅಜ್ಜಿ ಬಂದು ಏನು ಹೇಳಿದರೂ ನಂಬಬೇಕೇ? ಅವತ್ತು ನನ್ನೆದುರಿಗೆ ನಿಂತು ನೀವೇ ಓದಿದಿರಲ್ಲ, ಸಾರ್?"

"ಇಲ್ಲ ಮೇಡಂ," ಎಂದ ಅಕ್ಷೋಭ್ಯ. "ನನಗೂ ಕನ್ನಡ ಓದಲು ಬರುವುದಿಲ್ಲ."